ಶೆಲ್ ಸ್ಕ್ರಿಪ್ಟ್‌ನಲ್ಲಿ ದಶಮಾಂಶ ಹೋಲಿಕೆ
ಇಫ್ ಷರತ್ತಿನೊಳಗೆ ಬಿಂದುವುಳ್ಳ ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ತಿಳಿಯುವ ಕ್ರಮ. 1989ರಲ್ಲಿ ಬ್ರಯಾನ್ ಫಾಕ್ಸ್ ಹೊರತಂದ ಬ್ಯಾಷ್ ಶೆಲ್‌ಗೆ ಪೂರ್ಣಾಂಕದ ಲೆಕ್ಕ ಮಾತ್ರ ಗೊತ್ತು. ದಕ್ಷಿಣ ಸೋಲಾಪುರ ತಾಲ್ಲೂಕಿನ ಮಂದ್ರೂಪದಲ್ಲಿ ಒಂದು ದಿನ 10.5, ಮರುದಿನ 9.75 ಮಿ.ಮೀ. ಮಳೆ ಬಿತ್ತೆನ್ನಿ. ಇವನ್ನು ‘ಹೆಚ್ಚೇ?’ ಎಂದು ಕೇಳುವ ‘-ಜಿಟಿ’ಯಿಂದ ಹೋಲಿಸಿದರೆ ಪೂರ್ಣಾಂಕ ಬೇಕೆಂಬ ದೋಷಸೂಚನೆ ಬರುತ್ತದೆ. ಜೋಡಿ ಚೌಕಾವರಣದಲ್ಲಿ ‘>’ ಹಾಕಿದರೆ ಅಕ್ಷರಕ್ರಮದ ಹೋಲಿಕೆಯಾಗಿ, 9ಕ್ಕಿಂತ 1 ಮೊದಲು ಬರುವುದರಿಂದ 10.5 ಚಿಕ್ಕದೆನಿಸುತ್ತದೆ. ಒಂಟಿ ಚೌಕಾವರಣದಲ್ಲಿ ಅದೇ ಚಿಹ್ನೆ ಇನ್ನೂ ಅಪಾಯಕಾರಿ: ‘9.75’ ಎಂಬ ಹೆಸರಿನ ಖಾಲಿ ಫೈಲ್ ಹುಟ್ಟಿಕೊಳ್ಳುತ್ತದೆ, ಷರತ್ತು ಸದಾ ನಿಜವಾಗುತ್ತದೆ. ನಂಬಬಹುದಾದ ದಾರಿಯೆಂದರೆ ಹೋಲಿಕೆಯನ್ನು ದಶಮಾಂಶದ ಲೆಕ್ಕ ಬಲ್ಲ ‘ಬಿ.ಸಿ.’ ಅಥವಾ ‘ಆಕ್’ ಎಂಬ ಆದೇಶಕ್ಕೆ ಒಪ್ಪಿಸುವುದು. ಬಿ.ಸಿ. ನಿಜಕ್ಕೆ 1 ಎಂದು ಮುದ್ರಿಸುತ್ತದೆ. ಶೆಲ್‌ನ ನಿರ್ಗಮನ ಸಂಕೇತದಲ್ಲಾದರೋ ಯಶಸ್ಸಿಗೆ 0. ಆದ್ದರಿಂದ ಬಿ.ಸಿ.ಯ ಉತ್ತರವನ್ನು ಜೋಡಿ ದುಂಡಾವರಣದಲ್ಲಿಟ್ಟು ಪರೀಕ್ಷಿಸಬೇಕು. ಕೆಎಸ್‌ಎಚ್93, ಝಡ್‌ಎಸ್‌ಎಚ್ ಶೆಲ್‌ಗಳು ದಶಮಾಂಶವನ್ನು ತಾವೇ ಹೋಲಿಸಬಲ್ಲವು.