ಗೋಣಿತಟ್ಟಿನ ಶಿಲ್ಪ, ವಳಿವಡೆಯ ನೆನಪು



ಅಥಣಿ, ಅನಂತಪುರ, ಕಾಗವಾಡ, ರಾಯಬಾಗ ಕಡೆಯ ನಮ್ಮ ಜನರಿಗೆ ಮಿರಜ, ಕೊಲ್ಲಾಪುರಗಳು ಪರ ಊರುಗಳಲ್ಲ. ಆಸ್ಪತ್ರೆಗೆಂದು, ವ್ಯಾಪಾರಕ್ಕೆಂದು, ಬೀಗರ ಮನೆಗೆಂದು ಹೋಗಿಬರುವುದು ನಡೆದೇ ಇದೆ. ಮಿರಜದಿಂದ ಕೊಲ್ಲಾಪುರಕ್ಕೆ ಸಾಗುವ ರೈಲುಮಾರ್ಗದಲ್ಲಿ, ಕೊಲ್ಲಾಪುರ ಸಮೀಪಿಸುತ್ತಿರುವಾಗ, ವಳಿವಡೆ ಎಂಬ ಚಿಕ್ಕ ನಿಲ್ದಾಣವೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಊರಿನ ಬಳಿ ಸುಮಾರು 5,000 ಮಂದಿ ಪೋಲೆಂಡ್ ದೇಶದ ನಿರಾಶ್ರಿತರು ನೆಲೆಸಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಅವರಲ್ಲಿ ಹೆಚ್ಚಿನವರು ತಾಯಂದಿರು ಮತ್ತು ಮಕ್ಕಳು. ಬಹುತೇಕ ಎಲ್ಲರೂ ಕಥೋಲಿಕರು.

ಅವರು ಇಷ್ಟು ದೂರ ಬಂದುದಾದರೂ ಹೇಗೆ? 1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪಶ್ಚಿಮದಿಂದ ಪೋಲೆಂಡಿನ ಮೇಲೆ ದಾಳಿ ಮಾಡಿತು. ಅದೇ ತಿಂಗಳ 17ರಂದು ಸೋವಿಯತ್ ಸೇನೆ ಪೂರ್ವದಿಂದ ಒಳನುಗ್ಗಿತು. 1940ರ ಫೆಬ್ರವರಿಯಿಂದ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ನಡುರಾತ್ರಿ ಎಬ್ಬಿಸಿ, ಸರಕು ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ, ಸೈಬೀರಿಯಾ ಮತ್ತು ಕಝಾಕಿಸ್ತಾನಗಳಿಗೆ ಕಳುಹಿಸಲಾಯಿತು. ಹಸಿವು, ಚಳಿ, ಜ್ವರಗಳಿಗೆ ತುತ್ತಾದವರು ಅಲ್ಲಿಯೇ ಮಣ್ಣಾದರು. 1941ರ ಜೂನ್‌ನಲ್ಲಿ ಜರ್ಮನಿಯು ರಷ್ಯಾದ ಮೇಲೆಯೇ ತಿರುಗಿಬಿದ್ದಾಗ ರಾಜಕೀಯದ ಲೆಕ್ಕಾಚಾರ ಬದಲಾಯಿತು. ಒಪ್ಪಂದವೊಂದರ ಮೂಲಕ ಪೋಲಿಷ್ ಬಂದಿಗಳಿಗೆ ಬಿಡುಗಡೆ ದೊರೆಯಿತು. 1942ರಲ್ಲಿ ಜನರಲ್ ಆಂಡರ್ಸ್ ಅವರ ಸೇನೆಯೊಡನೆ ಸೈನಿಕರೂ ನಾಗರಿಕರೂ ಸೇರಿ ಒಂದು ಲಕ್ಷಕ್ಕೂ ಮಿಕ್ಕಿದ ಜನರು ಇರಾನ್ ತಲುಪಿದರು. ಗಂಡಸರು ಯುದ್ಧರಂಗಕ್ಕೆ ಹೋದರು. ಉಳಿದವರಿಗೆ ನೆಲೆ ಬೇಕಿತ್ತು. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತರು. 1943ರಲ್ಲಿ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ ದೊಡ್ಡ ಶಿಬಿರ ತೆರೆಯಿತು.

ಆ ಶಿಬಿರದ ಬದುಕನ್ನು ಗಮನಿಸಿದರೆ ಮನುಷ್ಯನು ಮನೆಯನ್ನು ಎಷ್ಟು ಬಗೆಯಲ್ಲಿ ಹೊತ್ತು ತರಬಲ್ಲನೆಂಬುದು ಅರಿವಾಗುತ್ತದೆ. ಸಾಲು ಸಾಲು ಬ್ಯಾರಕ್ಕುಗಳ ನಡುವೆ ದೇವಾಲಯವಿತ್ತು, ಪೋಲಿಷ್ ಭಾಷೆಯ ಶಾಲೆಗಳಿದ್ದವು, ಆಸ್ಪತ್ರೆ, ಅಂಗಡಿ, ಸ್ಕೌಟ್ ದಳ, ನಾಟಕದ ತಂಡಗಳಿದ್ದವು. ಮನೆ ಮುಂದಿನ ಅಂಗೈಯಗಲದ ಜಾಗದಲ್ಲಿ ಹೂಗಿಡಗಳು ಬೆಳೆದವು. ಹಿಮ ಬೀಳುವ ನಾಡಿನಿಂದ ಬಂದವರು ಪಂಚಗಂಗೆಯ ದಡದ ಬಿಸಿಲಿನಲ್ಲಿ ಕ್ರಿಸ್ತಜಯಂತಿಯ ಹಾಡುಗಳನ್ನು ಹಾಡಿದರು. ಆ ಪಂಚಗಂಗೆಯೇ ಮುಂದೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ನಮ್ಮ ಹೊಲಗಳತ್ತ ಹರಿದುಬರುತ್ತದೆ.

ಆದರೆ 1945ರಲ್ಲಿ ಯುದ್ಧ ಮುಗಿದಾಗ ಅವರಿಗೆ ಹಿಂದಿರುಗಲು ಊರೇ ಉಳಿದಿರಲಿಲ್ಲ. ಯಾಲ್ಟಾ ಸಮ್ಮೇಳನದಲ್ಲಿ ದೊಡ್ಡ ರಾಷ್ಟ್ರಗಳು ಎಳೆದ ಗೆರೆಯಿಂದಾಗಿ ಅವರ ಹಳ್ಳಿ ಪಟ್ಟಣಗಳು ಸೋವಿಯತ್ ಒಕ್ಕೂಟಕ್ಕೆ ಸೇರಿಹೋಗಿದ್ದವು. 1948ರ ಹೊತ್ತಿಗೆ ಶಿಬಿರ ಮುಚ್ಚಿತು. ಕೆಲವರು ಹೊಸ ಗಡಿಯೊಳಗಿನ ಪೋಲೆಂಡಿಗೆ, ಉಳಿದವರು ಇಂಗ್ಲೆಂಡ್, ಆಫ್ರಿಕಾ, ಆಸ್ಟ್ರೇಲಿಯಾಗಳಿಗೆ ಚದುರಿದರು. ಅವರು ಬಿಟ್ಟುಹೋದ ಬ್ಯಾರಕ್ಕುಗಳಿಗೆ ಬಂದು ನೆಲೆಸಿದವರು ಯಾರು ಬಲ್ಲಿರಾ? ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿ ಕುಟುಂಬಗಳು. ಇಂದು ಅದು ಗಾಂಧಿನಗರವೆಂಬ ಹೆಸರಿನ ದೊಡ್ಡ ಬಟ್ಟೆ ಪೇಟೆ. ಒಬ್ಬ ನಿರಾಶ್ರಿತನು ಆರಿಸಿಹೋದ ಒಲೆಯಲ್ಲಿ ಇನ್ನೊಬ್ಬ ನಿರಾಶ್ರಿತನು ಬೆಂಕಿ ಹೊತ್ತಿಸಿದನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂತಹವರ ನೆನಪನ್ನು ಕಲ್ಲಿನಲ್ಲಿ ಕಡೆಯುವವರು ಯಾರು? ನಮ್ಮ ನಾಡಿನ ಊರೂರಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವಸನ್ನಿಧಿ. ಕಾದು ಮಡಿದವನಿಗೆ ಕಲ್ಲು ದೊರೆಯಿತು. ಆದರೆ ಅದೇ ಕಾಳಗದಲ್ಲಿ ಮನೆ ಸುಟ್ಟು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಊರು ಬಿಟ್ಟ ಹೆಂಗಸಿಗೆ ಕಲ್ಲು ನೆಟ್ಟವರು ವಿರಳ. ಶಿಲ್ಪಕಲೆಯ ದೀರ್ಘ ಇತಿಹಾಸದಲ್ಲಿ ಇದೊಂದು ದೊಡ್ಡ ಮೌನ. ಆ ಮೌನಕ್ಕೆ ರೂಪ ಕೊಟ್ಟವರಲ್ಲಿ ನಮ್ಮ ಕಾಲದ ಒಬ್ಬ ಪೋಲಿಷ್ ಶಿಲ್ಪಿಯನ್ನು ನಿಮಗೆ ಪರಿಚಯಿಸಬಯಸುತ್ತೇನೆ.

ಮಗ್ದಲೇನಾ ಅಬಕಾನೋವಿಚ್ 1930ರಲ್ಲಿ ವಾರ್ಸಾ ನಗರದ ಸಮೀಪದ ಫಾಲೆಂಟಿಯಲ್ಲಿ, ಜಮೀನುದಾರರ ಮನೆತನದಲ್ಲಿ ಜನಿಸಿದರು. ಅವರು ವಳಿವಡೆಗೆ ಬಂದವರಲ್ಲ. ಆದರೆ ವಳಿವಡೆಯ ಮಕ್ಕಳ ಓರಗೆಯವರು. ಬಾಲ್ಯದಲ್ಲಿ ಕಾಡಿನ ಅಂಚಿನಲ್ಲಿ ಒಂಟಿಯಾಗಿ ಅಲೆಯುತ್ತ, ಕಡ್ಡಿ, ತೊಗಟೆ, ಕಲ್ಲುಗಳನ್ನು ಕೂಡಿಸಿ ಗೊಂಬೆ ಮಾಡುತ್ತಿದ್ದ ಹುಡುಗಿಗೆ ಯುದ್ಧ ಬಂದಾಗ ಒಂಬತ್ತು ವರ್ಷ. 1943ರಲ್ಲಿ ಕುಡಿದ ಅಮಲಿನಲ್ಲಿದ್ದ ಜರ್ಮನ್ ಸೈನಿಕರು ಮನೆಗೆ ನುಗ್ಗಿ ಗುಂಡು ಹಾರಿಸಿದಾಗ ಆಕೆಯ ಕಣ್ಣೆದುರಿಗೇ ತಾಯಿಯ ತೋಳು ಕತ್ತರಿಸಿಹೋಯಿತು. ಮರುವರ್ಷ ಕುಟುಂಬವು ಮನೆ ತೊರೆದು ವಾರ್ಸಾಕ್ಕೆ ಓಡಿಬಂದಿತು. ಹದಿನಾಲ್ಕರ ಹರೆಯದಲ್ಲಿ ಆಕೆ ಗಾಯಾಳುಗಳ ಶುಶ್ರೂಷೆಗೆ ನೆರವಾದರು. ಯುದ್ಧಾನಂತರ ಬಂದ ಕಮ್ಯುನಿಸ್ಟ್ ಆಡಳಿತದಲ್ಲಿ ಜಮೀನುದಾರರ ಮಗಳೆಂಬುದೇ ಅಪರಾಧವಾಗಿದ್ದುದರಿಂದ, ಕಲಾಶಾಲೆ ಸೇರಲು ತನ್ನ ಮನೆತನವನ್ನೇ ಮರೆಮಾಚಬೇಕಾಯಿತು. ತನ್ನ ದೇಶದಲ್ಲಿಯೇ ಇದ್ದೂ ಮನೆ ಕಳೆದುಕೊಂಡವರು ಇವರು.

ಕಲ್ಲು, ಕಂಚು ಕೊಳ್ಳುವ ಶಕ್ತಿಯಿರಲಿಲ್ಲ. ದೊಡ್ಡ ಕಾರ್ಯಾಗಾರವೂ ಇರಲಿಲ್ಲ. ಅವರು ನಾರು ಹಗ್ಗಗಳನ್ನು ಹಿಡಿದರು. ಬಂದರುಗಳಲ್ಲಿ ಬಿಸುಟ ಹಳೆಯ ಹಗ್ಗಗಳನ್ನು ತಂದು, ಎಳೆ ಬಿಡಿಸಿ, ಬಣ್ಣ ಹಾಕಿ, ಆಳೆತ್ತರವನ್ನು ಮೀರಿದ ನೇಯ್ಗೆಯ ಶಿಲ್ಪಗಳನ್ನು ತೂಗುಹಾಕಿದರು. 1965ರಲ್ಲಿ ಬ್ರೆಜಿಲ್‌ನ ಸಾವೊ ಪೌಲೋ ಪ್ರದರ್ಶನದಲ್ಲಿ ಅವರಿಗೆ ದೊಡ್ಡ ಬಹುಮಾನ ಸಂದಿತು. ಮುಂದೆ 1976ರಿಂದ 1980ರವರೆಗೆ ಅವರು ನಿರ್ಮಿಸಿದ ‘ಬೆನ್ನುಗಳು’ ಎಂಬ ಶಿಲ್ಪಸಮೂಹದಲ್ಲಿ ಎಂಬತ್ತು ಆಕೃತಿಗಳಿವೆ. ಗೋಣಿತಟ್ಟಿನ ತುಂಡುಗಳನ್ನು ರಾಳದಲ್ಲಿ ನೆನೆಸಿ, ಮಾನವದೇಹದಿಂದ ತೆಗೆದ ಅಚ್ಚಿನೊಳಗೆ ಒತ್ತಿ, ಒಣಗಿಸಿ ಮಾಡಿದವು ಇವು. ತಲೆಯಿಲ್ಲ, ಮುಂಭಾಗವಿಲ್ಲ, ಬಾಗಿ ಕುಳಿತ ಬೆನ್ನುಗಳು ಮಾತ್ರ. ಅಚ್ಚು ಒಂದೇ ಆದರೂ ಬಟ್ಟೆಯ ಮಡಿಕೆ ಪ್ರತಿ ಬೆನ್ನಿನಲ್ಲೂ ಬೇರೆ. ಇವರು ಯಾತನಾಶಿಬಿರದ ಕೈದಿಗಳೇ, ಪ್ರಾರ್ಥನೆಗೆ ಕುಳಿತವರೇ ಎಂದು ನೋಡಿದವರು ಕೇಳಿದಾಗ ಆ ಎಲ್ಲಕ್ಕೂ ಹೌದೆನ್ನಬಹುದೆಂದು ಅವರು ಹೇಳಿದ್ದುಂಟು.

ಬೈಬಲ್ ಓದುವ ನಮಗೆ ಗೋಣಿತಟ್ಟು ಹೊಸ ಪದವಲ್ಲ. ಜೋಸೆಫನು ಸತ್ತನೆಂದು ತಿಳಿದ ಯಕೋಬನು ಸೊಂಟಕ್ಕೆ ಗೋಣಿತಟ್ಟನ್ನು ಸುತ್ತಿಕೊಂಡನು. ನಿನೆವೆಯ ಅರಸನು ಗೋಣಿತಟ್ಟು ಹೊದ್ದು ಬೂದಿಯಲ್ಲಿ ಕುಳಿತನು. ಈ ಶಿಲ್ಪಿ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡರೆಂದು ನಾನು ಹೇಳುತ್ತಿಲ್ಲ. ಆದರೆ ಬಡವರ ಕೈಗೆಟಕುವ, ಕಾಳು ತುಂಬುವ, ಮಳೆಯಲ್ಲಿ ತಲೆಗೆ ಹೊದೆಯುವ ಆ ಒರಟು ಬಟ್ಟೆಯೇ ದುಃಖದ ಉಡುಪೂ ಆಗಿರುವುದನ್ನು ನಮ್ಮ ರೈತಕುಟುಂಬಗಳು ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ಬಲ್ಲವು. ಅಣುಬಾಂಬಿಗೆ ತುತ್ತಾದ ಹಿರೋಶಿಮಾದಲ್ಲಿ ಅವರ ನಲವತ್ತು ಕಂಚಿನ ಬೆನ್ನುಗಳಿವೆ. 2006ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ತಲೆಯಿಲ್ಲದ 106 ಕಬ್ಬಿಣದ ಆಕೃತಿಗಳು ನಿಂತವು. 2017ರಲ್ಲಿ ಅವರು ವಾರ್ಸಾದಲ್ಲಿ ನಿಧನರಾದರು.

ಸೈಬೀರಿಯಾಕ್ಕೆ ಹೋದವರಿಗೂ ವಾರ್ಸಾದಲ್ಲಿ ಒಂದು ಸ್ಮಾರಕವಿದೆ. ಮ್ಯಾಕ್ಸಿಮಿಲಿಯನ್ ಬಿಸ್ಕುಪ್ಸ್ಕಿ ಎಂಬ ಶಿಲ್ಪಿಯ ಆ ಕೃತಿ ಅನಾವರಣಗೊಂಡದ್ದು 1995ರ ಸೆಪ್ಟೆಂಬರ್ 17ರಂದು, ಅಂದರೆ ಸೋವಿಯತ್ ಸೇನೆ ನುಗ್ಗಿದ ಅದೇ ತಾರೀಖಿನಂದು. ಹಳಿಗಳ ಮೇಲೆ ತೆರೆದ ರೈಲುಡಬ್ಬಿ. ಅದರ ತುಂಬ ಒತ್ತೊತ್ತಾಗಿ ನಿಂತ ಶಿಲುಬೆಗಳು. ಅವುಗಳ ನಡುವೆ ಇತರ ಧರ್ಮಗಳ ಗುರುತುಗಳೂ ಇವೆ, ಏಕೆಂದರೆ ಆ ಡಬ್ಬಿಗಳಲ್ಲಿ ಯೆಹೂದ್ಯರೂ ಮುಸಲ್ಮಾನರೂ ಇದ್ದರು. ಹಳಿಯ ಅಡಿಪಟ್ಟಿಗಳ ಮೇಲೆ ಜನರನ್ನು ಕೊಂಡೊಯ್ದ ಸ್ಥಳಗಳ ಹೆಸರುಗಳನ್ನು ಕೆತ್ತಲಾಗಿದೆ. ವಳಿವಡೆಗೆ ಬಂದವರ ಪ್ರಯಾಣ ಆರಂಭವಾದದ್ದು ಅಂತಹ ಡಬ್ಬಿಗಳಲ್ಲಿಯೇ.

ಇವೆಲ್ಲ ದೂರದ ದೇಶದ ಮಾತೆಂದು ತಳ್ಳಿಹಾಕಬೇಡಿ. 2005ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಕೃಷ್ಣೆ ಉಕ್ಕಿ ಹರಿದಾಗ ನಮ್ಮ ತಾಲೂಕುಗಳ ನದಿದಡದ ಹಳ್ಳಿಗಳು ಖಾಲಿಯಾದವು. ಶಾಲೆಗಳು ಪರಿಹಾರ ಕೇಂದ್ರಗಳಾದವು. ಅಂದು ಹೊರಡುವಾಗ ಯಾವ ವಸ್ತುವನ್ನು ಮೊದಲು ಎತ್ತಿಕೊಂಡಿರಿ? ಹಿಂದಿರುಗಿದಾಗ ಕೆಸರಿನಲ್ಲಿ ಮೊದಲು ಹುಡುಕಿದ್ದು ಏನನ್ನು? ಪ್ರತಿ ವರ್ಷ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕುವ ಕೂಲಿಕಾರರ ಮಕ್ಕಳಿಗೂ ಎಲ್ಲೋ ಒಂದು ಊರಿದೆ, ಅಲ್ಲೊಂದು ಹೊಸ್ತಿಲಿದೆ. ಅವರ ಬೆನ್ನುಗಳನ್ನು ನಾವು ದಿನವೂ ನೋಡುತ್ತೇವೆ. ಮುಖ ನೋಡಿ ಹೆಸರು ಕೇಳಿದವರು ಎಷ್ಟು ಮಂದಿ?

ಕೊಲ್ಲಾಪುರದವರು ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿ. ಅಲ್ಲಿನ ಮಹಾವೀರ ಉದ್ಯಾನದಲ್ಲಿ ಪೋಲಿಷರ ನೆನಪಿನ ಸ್ತಂಭವಿದೆ. 2019ರ ಸೆಪ್ಟೆಂಬರ್‌ನಲ್ಲಿ ವಳಿವಡೆಯಲ್ಲಿಯೂ ಸ್ಮಾರಕ ಅನಾವರಣಗೊಂಡಿತು. ಶಿಬಿರದಲ್ಲಿ ತೀರಿಕೊಂಡವರ ಸಮಾಧಿಗಳನ್ನು ನಗರವು ಕಾಪಾಡಿಕೊಂಡು ಬಂದಿದೆ. ಮುಂದಿನ ಸಲ ಕೊಲ್ಲಾಪುರಕ್ಕೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ನವೆಂಬರ್ ತಿಂಗಳಲ್ಲಿ ನಮ್ಮ ಮೃತರಿಗಾಗಿ ಪ್ರಾರ್ಥಿಸುವಾಗ, ಹಿಮದ ನಾಡಿನಿಂದ ಬಂದು ನಮ್ಮ ನೆರೆಯ ಮಣ್ಣಿನಲ್ಲಿ ಮಲಗಿರುವ ಅವರನ್ನೂ ನೆನೆಯೋಣ. ಹಾಗೆಯೇ, ನಿಮ್ಮ ಮನೆಯ ಹಿರಿಯರು ಬರಗಾಲಕ್ಕೋ ಪ್ರವಾಹಕ್ಕೋ ಊರು ಬಿಟ್ಟು ಬಂದವರಾಗಿದ್ದರೆ, ಅವರು ಬದುಕಿರುವಾಗಲೇ ಅವರ ಹತ್ತಿರ ಕುಳಿತು ಆ ಊರಿನ ಹೆಸರನ್ನೂ ಬಿಟ್ಟುಬಂದ ಮನೆಯ ಗುರುತನ್ನೂ ಬರೆದಿಟ್ಟುಕೊಳ್ಳಿರಿ.