ಏಳು ಸಹಿಯ ಕಥೆ: ನಮ್ಮ ಸಂಘಗಳು ಹುಟ್ಟಿದ್ದು ಯಾಕೆ?



"ನಿಮ್ಮ ಮಂದ್ಯಾಗ ಓಣಿಗೊಂದು ಸಂಘ, ಸಂಘಕ್ಕೊಂದು ಲೆಟರ್‌ಹೆಡ್ಡು" ಅಂತ ರಾಯಚೂರಿನ ಚಹಾದಂಗಡಿಯಾಗ ನಗಾಡೋರನ್ನ ಕೇಳೀನಿ. ಈಗ ನಮ್ಮ ಹುಡುಗರೂ ಅದೇ ಮಾತು ಆಡ್ತಾರ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಕೊನೆತನಕ ಓದ್ರಿ.

ಮೇಲ್ಜಾತಿಯವರಿಗೆ ಸಂಘ ಕಟ್ಟೋ ಜರೂರತ್ತೇ ಇರಲಿಲ್ಲ. ಗೌಡಕಿ, ಕುಲಕರ್ಣಿಕಿ, ಮಠ, ಅಡತಿ ಅಂಗಡಿ, ಇವೇ ಅವರ ಸಂಘ. ಸಾಲ, ನೌಕರಿ, ಸಂಬಂಧ ಎಲ್ಲಾ ಅಲ್ಲೇ ಮುಗೀತಿತ್ತು. ಊರಿಗೆಲ್ಲ ಡಂಗುರ ಸಾರಿದವರು ನಾವು. ನಮ್ಮ ಸುದ್ದಿ ಸಾರೋರು ಯಾರೂ ಇರಲಿಲ್ಲ. ಸಂಘ ಅಂದ್ರೆ ನಮಗೆ ಮೊದಲು ಅದೇ: ನಮ್ಮ ಸುದ್ದಿ ನಾವೇ ಸಾರೋದು.

1956ರ ನವೆಂಬರ್ 1ರ ತನಕ ರಾಯಚೂರು, ದೇವದುರ್ಗ, ಮಾನ್ವಿ ಎಲ್ಲಾ ಹೈದರಾಬಾದ್ ರಾಜ್ಯದಲ್ಲಿದ್ದವು. ಹಂಗಾಗಿ ನಮ್ಮ ಸಂಘಗಳ ಬೇರು ಹುಡುಕಿದ್ರೆ ಬೆಂಗಳೂರು, ಮೈಸೂರಿಗಿಂತ ಮೊದಲು ಹೈದರಾಬಾದ್ ಸಿಗುತ್ತೆ. ಭಾಗ್ಯರೆಡ್ಡಿ ವರ್ಮ ಅಲ್ಲಿ 1906ರಲ್ಲಿ ಜಗನ್ ಮಿತ್ರ ಮಂಡಳಿ, 1911ರಲ್ಲಿ ಮಾನ್ಯ ಸಂಘಂ ಕಟ್ಟಿದರು. ಆ ಪರಂಪರೆಯ ಮುಂದಿನ ನಾಯಕರಲ್ಲೊಬ್ಬರಾದ ಬಿ. ಶ್ಯಾಮಸುಂದರ್ 1968ರಲ್ಲಿ ಭೀಮಸೇನೆ ಶುರು ಮಾಡಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ. ಕರ್ನಾಟಕದ ದಲಿತ ಚಳವಳಿ 70ರ ದಶಕದಲ್ಲೇ ಹುಟ್ಟಿತು ಅನ್ನೋರು ಈ ಕಡೆನೂ ಒಮ್ಮೆ ನೋಡಬೇಕು.

ಆಮೇಲೆ ಬಂದದ್ದು ದಸಂಸ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಒಂದೇ ಒಂದು 'ಬೂಸಾ' ಮಾತಿಗೆ ರಾಜ್ಯವೇ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ಏಟು ತಿಂದ ಹುಡುಗರಿಗೆ ಒಂದು ಮನೆ ಬೇಕಿತ್ತು. ಭದ್ರಾವತಿಯಿಂದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ್ದು ಆ ಮನೆ. ಹಾಡು, ಕರಪತ್ರ, ಧರಣಿ, ಭೂಮಿ ಹೋರಾಟ; ಹೋರಾಟದ ಸಂಘ ಅಂದ್ರೆ ಏನು ಅಂತ ಹಳ್ಳಿ ಹಳ್ಳಿಗೆ ಕಲಿಸಿದ್ದು ಅದೇ.

ಮೂರನೇ ನಮೂನೆ ನೌಕರರ ಸಂಘ. "ಆಫೀಸಿನವರು, ಬೀದಿಗೆ ಬರೋದಿಲ್ಲ" ಅಂತ ಅವರನ್ನ ಬೈತೀವಿ. ಸೇವಾ ನಿಯಮ ಅವರ ಕೈ ಕಟ್ಟಿರುತ್ತೆ, ಖರೆ. ಆದರೆ 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಬಡ್ತಿ ಮೀಸಲಾತಿಗೆ ಪೆಟ್ಟು ಬಿತ್ತಲ್ಲ, ಆಗ ಬೇಕಾಗಿದ್ದು ಘೋಷಣೆ ಅಲ್ಲ, ಇಲಾಖೆವಾರು ಲೆಕ್ಕ. ರತ್ನಪ್ರಭಾ ಸಮಿತಿ ವರದಿ ಆಯಿತು, ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿಯಿತು. ಬಾಯಿ ಗಟ್ಟಿ ಇದ್ದವರಷ್ಟೇ ಅಂಕಿಅಂಶ ಗಟ್ಟಿ ಇದ್ದವರೂ ಬೇಕು.

ನಾಲ್ಕನೇದು ಒಳಜಾತಿಯ ಸಂಘ. ಇದರ ಮಾತು ಬಂದ್ರೆ ಗೆಳೆಯರೇ ಮುಖ ತಿರುಗಿಸ್ತಾರ. ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ 1994ರಲ್ಲಿ ಎದ್ದ ಮಾದಿಗ ದಂಡೋರದ ಸದ್ದು ಗಡಿ ದಾಟಿ ನಮ್ಮ ಕಡೆಗೂ ಬಂತು. ಅದು ಒಡಕಲ್ಲ, "ಮನೆಯೊಳಗಿನ ರೊಟ್ಟಿ ಸಮ ಹಂಚ್ರಿ" ಅನ್ನೋ ಕೇಳಿಕೆ. 2005ರಲ್ಲಿ ಸದಾಶಿವ ಆಯೋಗ, 2012ರಲ್ಲಿ ವರದಿ, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ತೀರ್ಪು, 2025ರ ಆಗಸ್ಟ್‌ನಲ್ಲಿ ಸಂಪುಟದ 6, 6, 5ರ ನಿರ್ಧಾರ. ಮೂವತ್ತು ವರ್ಷ ತಮಟೆ ಬಾರಿಸಿದ್ದು ಇದಕ್ಕೆ.

ಐದನೇದು ಹೆಣ್ಮಕ್ಕಳ ಸಂಘ. 1982ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಬಂತು. ಕಾಯ್ದೆ ಪುಸ್ತಕದಾಗ ಇತ್ತು, ಮುತ್ತು ಕೊರಳಾಗ ಇತ್ತು. ಅದನ್ನ ಬಿಡಿಸಿ, ಪಿಂಚಣಿ ಕೇಳಿ, ಮಕ್ಕಳಿಗೆ ಶಾಲೆ ಕೇಳಿ ತಾಲೂಕು ಕಚೇರಿ ಮುಂದೆ ಕುಂತವರು ಆ ತಾಯಂದಿರೇ. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ ಕೂಲಿ ಮಾಡೋ ದಲಿತ ಹೆಣ್ಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿ, ಕೂಲಿ, ದೌರ್ಜನ್ಯದ ಪ್ರಶ್ನೆ ಎತ್ತಿದರು, ಜೊತೆಗೆ ಬೇವಿನ ಗೊಬ್ಬರ, ಮಣ್ಣಿನ ಆಭರಣ ಮಾಡಿ ಮಾರಿದರು. ಹೋರಾಟ, ಹೊಟ್ಟೆಪಾಡು ಎರಡನ್ನೂ ಒಂದೇ ಕೈಯಾಗ ಹಿಡಿದದ್ದು ಅವರು.

ಇಷ್ಟೊಂದು ನಮೂನೆ ಯಾಕೆ ಬೇಕು ಅಂದ್ರೆ 2022 ನೆನಪು ಮಾಡ್ಕೊಳ್ರಿ. ಜನವರಿ 26ರಂದು ರಾಯಚೂರು ನ್ಯಾಯಾಲಯದ ಗಣರಾಜ್ಯೋತ್ಸವದಲ್ಲಿ ಬಾಬಾಸಾಹೇಬರ ಭಾವಚಿತ್ರ ತೆಗೆಸಿದರು ಅನ್ನೋ ಆರೋಪ ಬಂತು. ಫೆಬ್ರವರಿ 19ಕ್ಕೆ ಬೆಂಗಳೂರಿನ ರೈಲು ನಿಲ್ದಾಣದಿಂದ ಫ್ರೀಡಂ ಪಾರ್ಕ್ ತನಕ ನೀಲಿ ಸಮುದ್ರ! ಆವತ್ತು ಯಾರೂ "ನಿಂದು ಯಾವ ಬಣ?" ಅಂತ ಕೇಳಲಿಲ್ಲ. ಬಸ್ ತುಂಬಿದ್ದು ಯಾವುದೋ ಒಂದು ದೊಡ್ಡ ಸಂಘ ಅಲ್ಲ, ನೀವು ನಗಾಡೋ ಆ ಓಣಿ ಸಂಘಗಳೇ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು. 2008ರಿಂದ ದೇವದುರ್ಗ, ಮಾನ್ವಿ ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಅದು ಆ ಅಣ್ಣತಮ್ಮಂದಿರ ಹಕ್ಕು, ತಕರಾರಿಲ್ಲ. ಆದರೆ ಅಲ್ಲಿನ ಹೊಲೆಯ-ಮಾದಿಗ ಹುಡುಗ ತನ್ನೂರಲ್ಲಿ ಶಾಸಕನ ಸ್ಥಾನಕ್ಕೆ ನಿಲ್ಲೋಹಂಗಿಲ್ಲ. ಅವನ ದನಿ ವಿಧಾನಸೌಧಕ್ಕೆ ಮುಟ್ಟಬೇಕಂದ್ರೆ ಸಂಘವೇ ದಾರಿ.

ಹಂಗಂತ ನಮ್ಮ ತಪ್ಪು ಮುಚ್ಚಿಡೋದು ಬ್ಯಾಡ. ಸಭೆ ಯಾವಾಗಲೂ ರಾಯಚೂರು ನಗರದಾಗ. ದೇವದುರ್ಗದ ಕೂಲಿಯವರ ಒಂದು ದಿನದ ಪಗಾರ, ಬಸ್ ಚಾರ್ಜು ಯಾರೂ ಲೆಕ್ಕ ಹಾಕೋದಿಲ್ಲ. ವೇದಿಕೆ ಮ್ಯಾಲೆ ಹತ್ತು ಗಂಡಸರು, ಕೆಳಗ ನೂರು ಹೆಣ್ಮಕ್ಕಳು. ಚಂದಾ ಎತ್ತಿದ್ದರ ಲೆಕ್ಕ ಓದೋದಿಲ್ಲ. ಸಂಘಗಳು ಒಡೆದದ್ದು ಸಿದ್ಧಾಂತಕ್ಕಿಂತ ಹೆಚ್ಚು ಸಲ ಇದಕ್ಕೇ.

1960ರ ನೋಂದಣಿ ಕಾಯ್ದೆ ಪ್ರಕಾರ ಸಂಘ ಕಟ್ಟಾಕ ಏಳು ಮಂದಿ ಸಾಕು. ಅಕ್ಷರ ನಿಷೇಧ ಇದ್ದ ಓಣಿಯಾಗ ಆ ಏಳು ಸಹಿ ಹುಡುಕೋದಕ್ಕೆ ನಮ್ಮ ಹಿರಿಯರು ಎಷ್ಟು ಮನಿ ಬಾಗಿಲು ತಟ್ಟಿದ್ರೋ! ಅದಕ್ಕೇ ಒಂದು ವಿನಂತಿ: ನಿಮ್ಮ ಓಣಿಯ ಹಳೇ ಸಂಘದ ನಡಾವಳಿ ಪುಸ್ತಕ ಟ್ರಂಕಿನಾಗ ಇದ್ದರೆ ಹೊರಗ ತೆಗೀರಿ. ಗೆದ್ದಲು ಹಿಡಿಯೋದಕ್ಕಿಂತ ಮೊದಲು ಫೋಟೋ ಹೊಡ್ಕೊಳ್ರಿ. ಹೆಬ್ಬೆಟ್ಟು ಒತ್ತಿದ ಅಜ್ಜ-ಅಮ್ಮಂದಿರ ಹೆಸರು ಕೇಳಿ ಬರ್ಕೊಳ್ರಿ. ನಮ್ಮ ಚರಿತ್ರೆ ಇರೋದು ಅದರಾಗ.

ಜೈಭೀಮ್.