ಮಾರಿಕುಪ್ಪಂ: ಲೀಸಿಗೆ ಕೊಟ್ಟದ್ದು, ವಾಪಸ್ ಬಂದದ್ದು

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ ಓಡಾಡದವರು ಕಡಿಮೆ. ಆ ಲ್ಯಾವೆಲ್ಲೆ ಯಾರು ಅಂತ ಕೇಳಿದರೆ ಮಾತ್ರ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಐರ್ಲೆಂಡಿನ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು. ಕೋಲಾರದ ಕಡೆ ನೆಲದಲ್ಲಿ ಚಿನ್ನ ಇದೆ ಅಂತ ಹಳೆಯ ವರದಿಯೊಂದರಲ್ಲಿ ಓದಿ ತಲೆ ಕೆಡಿಸಿಕೊಂಡ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ವಾದದ ಸಾರ ಇಷ್ಟು: ನನಗೆ ಅಗೆಯುವ ಹಕ್ಕು ಕೊಡಿ ಸಾಕು, ಸಿಕ್ಕಿದರೆ ನಿಮಗೆ ಭಾರೀ ಲಾಭ, ಸಿಗದಿದ್ದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. 1875ರಲ್ಲಿ 20 ವರ್ಷದ ಗುತ್ತಿಗೆ ಸಿಕ್ಕಿತು.

'ನಿಮ್ಮ ಗಂಟೇನೂ ಹೋಗುವುದಿಲ್ಲ'... ಈ ವಾದ ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಾರಣ ತೀರಾ ಸಣ್ಣದು, ಒಂದು ಕಾರು. ಆಫೀಸಿನ ಮೂಲಕ ಲೀಸಿಗೆ ತೆಗೆದುಕೊಂಡಿದ್ದ ಕಾರಿನ ನಾಲ್ಕು ವರ್ಷದ ಕರಾರು ಮುಗಿದು ಈಚೆಗೆ ಅದನ್ನು ವಾಪಸ್ ಕೊಟ್ಟೆ. ಬಂದ ಹುಡುಗ ಕೈಯಲ್ಲೊಂದು ಫಾರಂ ಹಿಡಿದು ಕಾರಿಗೆ ಮೂರು ಪ್ರದಕ್ಷಿಣೆ ಹಾಕಿದ. ಸ್ಟೆಪ್ನಿ, ಜಾಕ್, ಎರಡನೇ ಕೀ, ಓಡಿದ ಕಿಲೋಮೀಟರ್, ಟೈರಿನ ಸವೆತ, ಬಂಪರಿನ ಗೀರು, ಎಲ್ಲಕ್ಕೂ ಒಂದೊಂದು ಕಾಲಂ. 'ನಾಲ್ಕು ವರ್ಷ ಓಡಿಸಿದ ಮೇಲೆ ಇಷ್ಟು ಸವೆಯೋದು ಸಹಜ ಸಾರ್, ಅದಕ್ಕೆ ದುಡ್ಡಿಲ್ಲ. ಅದಕ್ಕಿಂತ ಜಾಸ್ತಿ ಆಗಿದ್ರೆ ಮಾತ್ರ ಹಾಕ್ತೀವಿ' ಅಂದ. ಎಷ್ಟು ಅಚ್ಚುಕಟ್ಟಾದ ಮಾತು ನೋಡಿ!

ಇದು ಕಾರಿನ ಕಂಪನಿಯವರು ಕಂಡುಹಿಡಿದ ತತ್ವವೇನಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1882ರಲ್ಲಿ ಬಂದ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಸೆಕ್ಷನ್ ಜಮೀನು, ಮನೆಗಳ ಗುತ್ತಿಗೆಗೆ ಇದನ್ನೇ ಹೇಳುತ್ತದೆ. ಗುತ್ತಿಗೆ ಮುಗಿದಾಗ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜ ಸವೆತ ಮತ್ತು ತಡೆಯಲಾಗದ ವಿಪತ್ತು, ಇವೆರಡಕ್ಕೆ ಮಾತ್ರ ವಿನಾಯಿತಿ. ಬೇರೆ ಕರಾರು ಇಲ್ಲದಿದ್ದರೆ ಇದೇ ನಿಯಮ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ: ಗುತ್ತಿಗೆ ಕೊಡುವಾಗ ತೆರೆದಿರದ ಗಣಿಯನ್ನು ಗುತ್ತಿಗೆದಾರ ತೆರೆಯಕೂಡದು. ಅಂದರೆ ನೆಲ ಅಗೆದು ಒಳಗಿನದನ್ನು ತೆಗೆದುಕೊಂಡು ಹೋಗುವುದು 'ಬಳಕೆ' ಅಲ್ಲ, ಸ್ವತ್ತಿಗೆ ಮಾಡುವ ಶಾಶ್ವತ ಹಾನಿ ಅಂತ ಕಾಯಿದೆ ಬರೆದವರಿಗೇ ಗೊತ್ತಿತ್ತು.

ಹಾಗಿದ್ದರೆ ಗಣಿ ಗುತ್ತಿಗೆ ಅಂದರೆ ಏನು? ಕಾರು ಓಡಿಸಿದರೆ ಕಾರು ಉಳಿಯುತ್ತದೆ. ಹೊಲ ಗೇಣಿಗೆ ಕೊಟ್ಟರೆ ಹೊಲ ಉಳಿಯುತ್ತದೆ. ಗಣಿಯಲ್ಲಿ ಬಳಸುವುದೇ ಮುಗಿಸುವುದು. ನಮ್ಮಲ್ಲಿ ಮನೆಗಳ ಮುಂದೆ 'ಭೋಗ್ಯಕ್ಕಿದೆ' ಅಂತ ಬೋರ್ಡ್ ಹಾಕುತ್ತಾರಲ್ಲ, ಆ ಪದ ಗಣಿಗೆ ಹೊಂದುವಷ್ಟು ಮನೆಗೆ ಹೊಂದುವುದಿಲ್ಲ ಅಂತ ನನಗನ್ನಿಸುತ್ತದೆ :)

ಇಲ್ಲೊಂದು ವಿಚಿತ್ರವನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. 1875ರಲ್ಲಿ ಲ್ಯಾವೆಲ್ಲೆಗೆ ಗುತ್ತಿಗೆ ಕೊಟ್ಟ 'ಮೈಸೂರು ಸರ್ಕಾರ' ಯಾವುದು? 1831ರಿಂದಲೂ ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಗುತ್ತಿಗೆ ಕೊಟ್ಟ ಕುರ್ಚಿಯಲ್ಲೂ ಅವರೇ, ಪಡೆದ ಕುರ್ಚಿಯಲ್ಲೂ ಅವರ ಸಿಪಾಯಿಯೇ. ಆಮೇಲೆ 1881ರ ಮಾರ್ಚ್ 25ರಂದು ಇಡೀ ರಾಜ್ಯವನ್ನೇ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಒಪ್ಪಿಸಿದರು. ಐವತ್ತು ವರ್ಷ ಇಟ್ಟುಕೊಂಡ ರಾಜ್ಯ ಯಾವ ಸ್ಥಿತಿಯಲ್ಲಿ ವಾಪಸ್ ಬಂತು? 1876-78ರ ಭೀಕರ ಬರ ಜನರನ್ನು ಸವೆಸಿ ಹಾಕಿತ್ತು. ಖಜಾನೆಯ ಮೇಲೆ ಇಂಡಿಯಾ ಸರ್ಕಾರದ 80 ಲಕ್ಷ ರೂಪಾಯಿ ಸಾಲ. ದಿವಾನ್ ರಂಗಾಚಾರ್ಲು ಅವರ ಮೇಜಿನ ಮೇಲೆ ಮೊದಲು ಬಿದ್ದದ್ದು ಈ ಲೆಕ್ಕ. ಜೊತೆಗೆ ಮಾರಿಕುಪ್ಪಂ ಸುತ್ತಮುತ್ತ ಆಗಲೇ ಬಂದು ಕೂತಿದ್ದ ಒಬ್ಬ ಗುತ್ತಿಗೆದಾರ!

ಲ್ಯಾವೆಲ್ಲೆ ಆ ಹೊತ್ತಿಗೆ ಹಕ್ಕನ್ನು ಬೇರೆಯವರಿಗೆ ದಾಟಿಸಿಯಾಗಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟರು. ಮೊದಲ ಕೆಲವು ವರ್ಷ ಹಣ ಸುರಿದದ್ದೇ ಬಂತು, ಚಿನ್ನ ಬರಲಿಲ್ಲ. ಇನ್ನೇನು ಅಂಗಡಿ ಮುಚ್ಚಬೇಕು ಅನ್ನುವಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಮೈಸೂರು ಮೈನ್‌ನಲ್ಲಿ ಹಳೆಯ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಬೆನ್ನು ಹಿಡಿದು ಇನ್ನೂ ಕೆಳಗಿಳಿದ. ಅಲ್ಲಿ ಸಿಕ್ಕಿತು ಚಾಂಪಿಯನ್ ರೀಫ್.

ಹಳೆಯ ಗುಂಡಿಗಳು ಅಂದೆನಲ್ಲ, ಅವುಗಳದ್ದೇ ಒಂದು ಕಥೆ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪಂನಲ್ಲಿ ಊರಿನವರು ಗುಂಡಿಯೊಳಗೆ ಇಳಿದು, ಕಲ್ಲು ಒಡೆದು, ಮೇಲಕ್ಕೆ ಸಾಗಿಸಿ, ಕುಟ್ಟಿ ಪುಡಿ ಮಾಡಿ, ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿಟ್ಟ. ಲ್ಯಾವೆಲ್ಲೆ ಓದಿದ್ದು ಅದನ್ನೇ. ಆ ಊರಿನವರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ, ಆದ್ದರಿಂದ ಯಾವ ಲೆಕ್ಕಪುಸ್ತಕದಲ್ಲೂ ಅವರಿಲ್ಲ. ಕೆ.ಜಿ.ಎಫ್. ಚರಿತ್ರೆಯನ್ನು ಲ್ಯಾವೆಲ್ಲೆಯಿಂದ ಶುರು ಮಾಡುವವರ ಮೇಲೆ ನನಗೆ ಸ್ವಲ್ಪ ಸಿಟ್ಟು, ಹೋಗಲಿ ಬಿಡಿ.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ವೈಭವದ ಕಥೆ. ನಾನು ಗಮನಿಸಿದ್ದು ಒಂದೇ: ಈ ವೈಭವಕ್ಕೆ ಬೇಕಾದದ್ದನ್ನು ಒದಗಿಸಿದ್ದು ಬಹುಮಟ್ಟಿಗೆ ಲೀಸು ಕೊಟ್ಟವನೇ. ಬೌರಿಂಗ್‌ಪೇಟೆಯಿಂದ (ಇವತ್ತಿನ ಬಂಗಾರಪೇಟೆ) ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಳಿ ಹಾಕಿಸಿದ್ದು ಮೈಸೂರು ಸಂಸ್ಥಾನ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗೆ ಮುಟ್ಟಿಸಿದ್ದೂ ಸಂಸ್ಥಾನವೇ. ಆಗ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗಳು ಕರೆಂಟ್ ದೀಪ ಕಂಡದ್ದು ಅದಾದ ಮೂರು ವರ್ಷಕ್ಕೆ. ಮಾಲೀಕನ ಮನೆಗಿಂತ ಮೊದಲು ಬಾಡಿಗೆಯವನ ಮನೆಗೆ ದೀಪ! ಪ್ರತಿಯಾಗಿ ಸಂಸ್ಥಾನಕ್ಕೆ ಕರೆಂಟಿನ ದುಡ್ಡು ಮತ್ತು ತೆಗೆದ ಚಿನ್ನದ ಬೆಲೆಯಲ್ಲಿ ಇಂತಿಷ್ಟು ಅಂತ ರಾಜಧನ ಬರುತ್ತಿತ್ತು. ಆ ದುಡ್ಡಿನಿಂದ ರಾಜ್ಯಕ್ಕೆ ಒಳ್ಳೆಯದಾಗಲಿಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಆಯಿತು. ಆದರೆ ಲೆಕ್ಕವೆಲ್ಲ ಮೇಲೆ ಬಂದದ್ದಕ್ಕೆ. ಕೆಳಗೆ ಉಳಿದದ್ದಕ್ಕೆ, ಪಕ್ಕದಲ್ಲಿ ರಾಶಿ ಬಿದ್ದದ್ದಕ್ಕೆ ಕಾಲಂ ಇರಲಿಲ್ಲ.

ವಾಪಸ್ ಕೊಡುವ ದಿನಕ್ಕೆ ಬರೋಣ. ಸ್ವಾತಂತ್ರ್ಯ ಬಂದು ಒಂಬತ್ತು ವರ್ಷದ ನಂತರವೂ ಗಣಿಗಳು ಲಂಡನ್ನಿನ ಕಂಪನಿಗಳ ಕೈಯಲ್ಲೇ ಇದ್ದವು. ಗುತ್ತಿಗೆ ಮುಗಿಯುವುದನ್ನು ಕಾಯದೆ, ಕಾಯಿದೆ ಮಾಡಿ, ಪರಿಹಾರ ಕೊಟ್ಟು, 1956ರ ನವೆಂಬರ್ 28ರಂದು ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. ರಾಜ್ಯ ಏಕೀಕರಣವಾಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ, ನಿಜಲಿಂಗಪ್ಪನವರು ಮುಖ್ಯಮಂತ್ರಿ. ದೊಡ್ಡ ದಿನವೇ ಸರಿ. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿ. ನಾವು ಕೊಟ್ಟದ್ದು ನಮಗೆ ವಾಪಸ್ ಬರುವಾಗ ನಾವೇ ದುಡ್ಡು ಕೊಟ್ಟೆವು. ಕಾರಿನ ಹುಡುಗ ಫಾರಂ ತುಂಬಿ ನನಗೇ ಚೆಕ್ ಬರೆದುಕೊಟ್ಟ ಹಾಗೆ. ಶುರುವಿನಲ್ಲಿ ಒಂದು ಟನ್ ಅದಿರಿಗೆ 40 ಗ್ರಾಮ್‌ಗಿಂತ ಹೆಚ್ಚು ಚಿನ್ನ ಕೊಟ್ಟಿದ್ದ ಗಣಿ ಅದರ ಎಷ್ಟೋ ಪಾಲು ಕೆಳಗಿಳಿದಿತ್ತು. ಕೊನೆಗಾಲಕ್ಕೆ ಟನ್ನಿಗೆ 3 ಗ್ರಾಮ್ ಸಿಕ್ಕರೆ ಹೆಚ್ಚು ಅನ್ನುವಂತಾಯಿತು. ಕೆನೆ ಹೋಗಿತ್ತು, ಪಾತ್ರೆ ಬಂತು.

ಪಾತ್ರೆ ಆಮೇಲೂ ಕೈ ಬದಲಾಯಿಸಿತು. 1962ರಲ್ಲಿ ರಾಜ್ಯದಿಂದ ಕೇಂದ್ರ ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ಗೆ. ಗಣಿ 3 ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ, ಮೇಲಿನ ಭಾರಕ್ಕೆ ಬಂಡೆ ಸಿಡಿಯುತ್ತದೆ. ತೆಗೆಯುವ ಖರ್ಚು ಸಿಗುವ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವತ್ತು ಯಾರಾದರೂ ಫಾರಂ ಹಿಡಿದು ಗಣಿಗೆ ಪ್ರದಕ್ಷಿಣೆ ಹಾಕಿದ್ದರೆ ಏನೇನು ಬರೆಯಬೇಕಾಗುತ್ತಿತ್ತು?

ಮೊದಲು, ನೀರು. ಗಣಿ ನಡೆಯುವಾಗ ಹಗಲೂ ರಾತ್ರಿ ಪಂಪ್ ಮಾಡಿ ನೀರು ಎತ್ತುತ್ತಿದ್ದರು. ಪಂಪ್ ನಿಂತ ಮೇಲೆ ನೀರು ಏರಿ ಸುರಂಗಗಳನ್ನು ತುಂಬಿತು. ನೀರು ತುಂಬಿದ ಟೊಳ್ಳು ನೆಲ ಆಗಾಗ ಅದುರುತ್ತದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಕಣಗಳನ್ನು ಹಿಡಿದ ಪ್ರಸಿದ್ಧ ಪ್ರಯೋಗ ಇಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳದಲ್ಲೇ ನಡೆದದ್ದು.

ಆಮೇಲೆ, ಎದೆ. 1940ರ ದಶಕದಲ್ಲಿ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇತ್ತು, ಅಂದರೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ಕಾಯಿಲೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಪಠ್ಯದಲ್ಲಿ ಓದುವ ಅಂಕಿ ಇದು. ಇವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಂಥ ಬರದ ಸೀಮೆಯಿಂದ ಬಂದ ತಮಿಳರು, ಜೊತೆಗೆ ತೆಲುಗರು. ಊರಿಗೆ ಅವರು ಇಟ್ಟುಕೊಂಡ ಹೆಸರು ತಂಗವಯಲ್, ಚಿನ್ನದ ಹೊಲ. ಇದನ್ನು ಸಹಜ ಸವೆತದ ಕಾಲಂನಲ್ಲಿ ಬರೆಯುವುದೋ, ಹಾನಿಯ ಕಾಲಂನಲ್ಲೋ? ಕಂಪನಿ ಲೆಕ್ಕದಲ್ಲಿ ಬಹುಕಾಲ ಯಾವ ಕಾಲಂನಲ್ಲೂ ಇರಲಿಲ್ಲ ಅನ್ನುವುದೇ ನಿಜ. ಕಾರಿನ ಟೈರಿಗೆ ಸಿಕ್ಕ ಮರ್ಯಾದೆಯಾದರೂ ಬೇಡವೇ!

ಮೂರನೆಯದು ಎಲ್ಲರ ಕಣ್ಣಿಗೂ ಬೀಳುವುದು, ಸಯನೈಡ್ ದಿಬ್ಬಗಳು. ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು. 13 ದಿಬ್ಬಗಳು, ಸುಮಾರು 3 ಕೋಟಿ 30 ಲಕ್ಷ ಟನ್. 120 ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅಂದರೆ ಹೊರಗೆ ಹೋದ ಒಂದು ಟನ್ ಚಿನ್ನಕ್ಕೆ ಊರಿನಲ್ಲೇ ಬಿದ್ದಿರುವ ಮಣ್ಣು ನಲವತ್ತು ಸಾವಿರ ಟನ್ನಿಗಿಂತ ಹೆಚ್ಚು. ಯಶ್ ಸಿನಿಮಾದಲ್ಲಿ ನೀವು ನೋಡಿದ್ದು ಈ ದಿಬ್ಬಗಳನ್ನೇ. ಪರದೆಯ ಮೇಲೆ ಧೂಳೂ ಚೆಂದ ಕಾಣುತ್ತದೆ. ಗಾಳಿ ಎದ್ದ ದಿನ ಅಲ್ಲಿಯ ಮನೆಗಳಲ್ಲಿ ಅನ್ನದ ಪಾತ್ರೆ ಮುಚ್ಚಿಡಬೇಕು.

ಗಣಿ ಮುಚ್ಚುವಾಗ ಏನೇನು ಸರಿಪಡಿಸಿ ಹೋಗಬೇಕು ಅಂತ ಯೋಜನೆ ಕೊಡಲೇಬೇಕು, ಅದಕ್ಕೆ ಮುಂಗಡವಾಗಿ ಹಣದ ಖಾತರಿ ಇಡಲೇಬೇಕು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೆ.ಜಿ.ಎಫ್. ಮುಚ್ಚಿ ಎರಡು ವರ್ಷದ ಮೇಲೆ. ಬೆಂಗಳೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರೂ ಬಣ್ಣ ಹೊಡೆಸುವುದಕ್ಕೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. 120 ವರ್ಷದ ಗಣಿಗೆ ಅಷ್ಟೂ ಇರಲಿಲ್ಲ.

ಉಳಿದು ಉಪಯೋಗಕ್ಕೆ ಬರುತ್ತಿರುವುದು ಏನು ಅಂತ ನೋಡಿದರೆ, ಲೀಸು ಕೊಟ್ಟವನು ಹಾಕಿಸಿದ್ದೇ. ರೈಲು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ನಿಲ್ಲುತ್ತಾ ಹೋಗುವ ಆ ಗಾಡಿ ಒಂದು ಕಾಲಕ್ಕೆ ಗಣಿಗೆ ಸಾಮಾನು, ಜನ ತರುತ್ತಿತ್ತು. ಈಗ ಅದೇ ಹಳಿಯ ಮೇಲೆ, ಗಣಿ ಕೆಲಸದವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ಕತ್ತಲಲ್ಲಿ ಬೆಂಗಳೂರಿನ ಕೆಲಸಕ್ಕೆ ಹೊರಡುತ್ತಾರೆ, ರಾತ್ರಿ ವಾಪಸ್ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ವಾಸ ಇನ್ನೂ ಕಂಪನಿಯ ಕಾಲದ ಲೈನ್ ಮನೆಗಳಲ್ಲೇ.

ಕಥೆ ಇನ್ನೂ ಮುಗಿದಿಲ್ಲ. ಗಣಿಯನ್ನು ಜಾಗತಿಕ ಟೆಂಡರ್ ಕರೆದು ಕೊಡುವ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2013ರಲ್ಲಿ ತೀರ್ಪು ಬಂತು. 2024ರ ಜೂನ್‌ನಲ್ಲಿ, ಆ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆಗೂ ಸ್ವಲ್ಪ ಹೆಚ್ಚು ಜಾಗ. ಭಾರತ್ ಗೋಲ್ಡ್ ಮೈನ್ಸ್‌ನಿಂದ ರಾಜ್ಯಕ್ಕೆ ಬರಬೇಕಾದ 75 ಕೋಟಿ ಚಿಲ್ಲರೆ ರೂಪಾಯಿ ಬಾಕಿಯ ಮಾತೂ ಜೊತೆಗಿತ್ತು. ದಿಬ್ಬಗಳಲ್ಲಿ ಸುಮಾರು 23 ಟನ್ ಚಿನ್ನ ಇದೆ ಅಂತ ಅಂದಾಜು. ಪತ್ರಿಕೆಗಳೆಲ್ಲ ಆ 23 ಟನ್ನನ್ನು ದಪ್ಪಕ್ಷರದಲ್ಲಿ ಹಾಕಿದವು. ಅಷ್ಟನ್ನೂ ಒಂದು ಗುಲಗಂಜಿ ಬಿಡದೆ ತೆಗೆದರೂ ಅಲ್ಲಿ ಉಳಿಯುವ ಮಣ್ಣೆಷ್ಟು ಅಂತ ಲೆಕ್ಕ ಹಾಕಿ ನೋಡಿದೆ: 3 ಕೋಟಿ 30 ಲಕ್ಷ ಟನ್ನಿಗೆ 23 ಟನ್ ಕಮ್ಮಿ.